ಅಟ್ಟದ ಮರ

"ಬೇಗ ಕೊಳ್ಳಿ ಇಡವ್ವಾ, ಮಳೆ ಬತ್ತಾ ಅದೆ" ಎಂದು ಕೆಂಪಣ್ಣಜ್ಜ ಅವಸರ ಮಾಡಿದಾಗ ಮಾನ್ಯ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು.

ಚಿತೆಯಲ್ಲಿ ಅಪ್ಪ ಶಾಂತರಾಜುವಿನ ತಲೆಯಡಿಯ ಸೌದೆಯ ತುದಿಗೆ ಮೇಣ ಬಳಿದಿತ್ತು. ಪಕ್ಕದ್ದಕ್ಕೂ ಅಷ್ಟೇ. ಅದರ ಮೇಲೆ ಸೀಮೆಸುಣ್ಣದಲ್ಲಿ ಅಪ್ಪನದೇ ಅಕ್ಷರ: 'ಗಾಡಿ ಗುಂಬ, ೨೦೨೧'.

"ಅಯ್ಯೋ ದೇವ್ರೇ! ಚಿಕ್ಕಪ್ಪಾ, ಇವನ್ನ ಎಲ್ಲಿಂದ ತಂದೆ?"

"ನಿಮ್ಮಟ್ಟದಿಂದ ಕಣವ್ವ" ಎಂದ ದೇವರಾಜ್. "ಊರಲ್ಲಿರೋ ಸೌದೆಯೆಲ್ಲಾ ನೆಂದೋಗದೆ. ಹಸೀದು ಒಟ್ಟಿ ನಮ್ಮಣ್ಣನ್ನ ಹೊಗೇಲಿ ಬೇಯಿಸಾದಾ? ಒಣಗಿರೋದ್ನೇ ಹುಡುಕಿ ತಂದೆ. ಒಂದೂ ಬಿಡ್ನಿಲ್ಲ."

ನಿನ್ನೆ ಹನ್ನೊಂದಕ್ಕೆ ಉಜ್ಜುಗೊರಡು ಹಿಡಿದಿದ್ದ ಅಪ್ಪ ಹನ್ನೊಂದೂಕಾಲಿಗೆ ಇರಲಿಲ್ಲ. ಐವತ್ತಮೂರು ಸಾಯುವ ವಯಸ್ಸೇ? ಅದೇ ಇನ್ನೂ ಮಾನ್ಯಳ ತಲೆಗೆ ಹೋಗಿರಲಿಲ್ಲ, ಈಗ ಇದು.

*

ಕೊಣನೂರಿನ ಸುತ್ತಮುತ್ತ ಯಾರು ಹಳೇ ಮನೆ ಕೆಡವಿದರೂ ಶಾಂತರಾಜು ಅಲ್ಲಿ ಹಾಜರು. ಮುರಿದ ಒನಕೆ, ಗಾಡಿ ಚಕ್ರದ ನಡುವಿನ ಗುಂಬ, ಬಾಗಿಲ ಚೌಕಟ್ಟು, ಎಲ್ಲವೂ ಅವನಿಗೆ ಚಾಕುವಿನ ಹಿಡಿ ಮಾಡುವ ಕಸುಬಿಗೆ ಬೇಕು. ಮೊಳೆ ಕಿತ್ತು, ಸೀಳಿ, ಬಿರುಕು ಬಿಡದಂತೆ ತುದಿಗೆ ಮೇಣ ಬಳಿದು ಅಟ್ಟಕ್ಕೇರಿಸುವುದು. ತಿಂಗಳಿಗೊಮ್ಮೆ ಇಳಿಸಿ ತೂಗುವುದು.

"ತೂಕ ಇಳಿಯಾದು ನಿಲ್ಲೋಗಂಟ ಮುಟ್ಬ್ಯಾಡ ಮಗಾ. ಒಳಗೆ ತೇವ ಇದ್ರೆ ಮರ ಗಟ್ಟಿ ಮಾಡೋ ರೆಸಿನ್ ಅಂಟು ಹೀರಕಿಲ್ಲ. ರೆಸಿನ್ ಹೀರದಿದ್ರೆ ನೀರು ತಾಕ್ದೇಟ್ಗೆ ಹಿಡಿ ಬಿರುಕು ಬಿಡ್ತದೆ."

ಮಾನ್ಯ ಎರಡು ಸಲ ಆತುರಪಟ್ಟು ಕೆಡಿಸಿದ್ದಳು. ಅವನು ಬೈದಿರಲಿಲ್ಲ. ಹೋದ ತಿಂಗಳು ಅಟ್ಟದ ಕಡೆ ಕೈ ತೋರಿಸಿ, "ತೂಕ ನಿಂತದೆ. ಈ ಸಲದ್ದು ಪೂರಾ ನಿಂದೇ. ನಾನು ಕೈ ಹಾಕಕಿಲ್ಲ" ಎಂದಿದ್ದ. ಅವತ್ತು ಅವಳಿಗೆ ಊಟ ಸೇರಿರಲಿಲ್ಲ, ಅಷ್ಟು ಖುಷಿ.

*

"ತೆಗೀರಿ ಇವನ್ನ!" ಎಂದು ಮಾನ್ಯ ಕೂಗಿದಳು.

"ತಲೆ ಕೆಟ್ಟದಾ ನಿಂಗೆ?" ಕೆಂಪಣ್ಣಜ್ಜ ಗದರಿದ. "ಹೆಣದಡಿ ಇಟ್ಟ ಸೌದೇನ ಯಾರಾರ ಮನೆಗೆ ಹೊತ್ಕೊಂಡೋದಾರಾ?"

"ನಾಕು ವರ್ಷ ಒಣಗಿಸಿದ್ದು ತಾತಾ. ಇದು ಹೋದ್ರೆ ಕೆಲ್ಸ ಮಾಡಕ್ಕೆ ಒಂದು ತುಂಡೂ ಇಲ್ಲ. ಅಪ್ಪನ ಕಸುಬು ಇಲ್ಲಿಗೇ ಮುಗೀತು."

ದೇವರಾಜನ ಮುಖ ಕಪ್ಪಿಟ್ಟಿತು. "ನಂಗೊತ್ತಿರ್ನಿಲ್ಲ ಕಣವ್ವ" ಎಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಯಾರೂ ಕೈ ಹಾಕಲಿಲ್ಲ. ಮರ ತೆಗೆಯಬೇಕಾದರೆ ಅಪ್ಪನನ್ನು ಕೆಳಗಿಳಿಸಬೇಕು, ಮಳೆಗೆ ನೆಂದ ನೆಲದ ಮೇಲೆ ಮಲಗಿಸಬೇಕು. ಮಾನ್ಯ ಅವನ ಮುಖ ನೋಡಿದಳು. ಕೊಳ್ಳಿ ಇಟ್ಟಳು.

ಭಗ್ಗನೆ ಹತ್ತಿಕೊಂಡಿತು. "ಪುಣ್ಯವಂತ, ಒಂಚೂರೂ ಹೊಗೆ ಇಲ್ಲ ನೋಡ್ಲಾ" ಎಂದರು ಯಾರೋ. ಮಾನ್ಯ ಆಗ ಬಾಯಿಬಿಟ್ಟು ಅತ್ತಳು.

*

ಹೊಳೆಯಲ್ಲಿ ಮುಳುಗು ಹಾಕಿ ಹಿಂತಿರುಗುವಾಗ ದೇವರಾಜ್ ಜೊತೆಯಲ್ಲಿರಲಿಲ್ಲ. ಹೊಗೆಸೊಪ್ಪನ್ನು ಶಾಖದಲ್ಲಿ ಒಣಗಿಸುವ ಅವನ ಬ್ಯಾರನ್ ಕಡೆಯಿಂದ ಹೆಂಚು ಒಡೆಯುವ ಸದ್ದು ಬಂತು. ಎಲ್ಲರೂ ಓಡಿದರು. ದೇವರಾಜ್ ಒದ್ದೆ ಪಂಚೆಯಲ್ಲೇ ಸೂರಿನ ಮೇಲೆ ಕೂತು ಹೆಂಚು ಕಿತ್ತು ಕಿತ್ತು ಎಸೆಯುತ್ತಿದ್ದ.

"ಲೇ ದೇವರಾಜಾ! ಇನ್ನು ಹದಿನೈದು ದಿನಕ್ಕೆ ಸೊಪ್ಪು ಬತ್ತದೆ, ಎಲ್ಲಿ ಏರಿಸ್ತೀಯಲಾ?" ಎಂದು ಕೆಂಪಣ್ಣಜ್ಜ ಕೂಗಿದ.

ಅವನು ಅಜ್ಜನ ಕಡೆ ತಿರುಗಲೂ ಇಲ್ಲ. "ಮಾನ್ಯಾ, ಮೂವತ್ತು ವರ್ಷ ಶಾಖ ತಿಂದಿರೋ ತೊಲೆ ಕಣವ್ವ. ತೂಗಿ ನೋಡು. ಇದ್ರಲ್ಲಿ ಇನ್ನೆಲ್ಲಿ ತೇವ? ನಿನ್ನ ಹಿಡಿಗೆ ಇದ್ನೇ ತಕೋ."

ಬೇಡ ಇಳಿ ಚಿಕ್ಕಪ್ಪಾ ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಮೀಟಿದ ತೊಲೆಯ ಒಂದು ತುದಿ ಗೋಡೆ ಬಿಟ್ಟು ಜಾರಿತು. ಮಾನ್ಯ ಒದ್ದೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಗಂಡಸರನ್ನು ಸರಿಸಿ ಮುಂದೆ ಬಂದು, ತೊಲೆಗೆ ಹೆಗಲು ಕೊಟ್ಟಳು.