ಪೈಲ್ವಾನನ ಕುತ್ತಿಗೆಗೇರಿದ ಪೆಪ್ಪರ್‌ಮಿಂಟ್ ಎಣ್ಣೆ

ನಾನು ಪೆಪ್ಪರ್‌ಮಿಂಟ್ ಎಣ್ಣೆ. ಹೆಬ್ಬೆರಳುದ್ದದ ಕಂದು ಸೀಸೆಯೇ ನನ್ನ ಮನೆ. ಹುಟ್ಟುವಾಗಲೇ ನಾನು ಪೆಟ್ಟು ತಿಂದೆ. ಹೊಲದಲ್ಲಿ ಹಸಿರಾಗಿ ನಿಂತಿದ್ದ ಗಿಡವನ್ನು ಕುಡುಗೋಲಿನಿಂದ ಕೊಯ್ದು, ಬಿಸಿಲಿಗೆ ಬಾಡಿಸಿ, ದೊಡ್ಡ ಹಂಡೆಯಲ್ಲಿ ತುಳಿದು ತುಂಬಿದರು. ಕೆಳಗಿನಿಂದ ಹಬೆ ಬಿಟ್ಟು ಎಲೆಯ ಜೀವವನ್ನೇ ಹೊರಗೆಳೆದರು. ಆ ಜೀವ ನಾನು. ಇಷ್ಟು ಅನುಭವಿಸಿದವರಿಗೆ ಸಿಟ್ಟು ಬರದೆ ಇರುತ್ತದೆಯೇ? ನಾನು ಮುಟ್ಟಿದಲ್ಲಿ ಮೊದಲು ತಂಪು, ಆಮೇಲೆ ಉರಿ.

ಮುಧೋಳದ ಗಿಡಮೂಲಿಕೆ ಅಂಗಡಿಯಿಂದ ನನ್ನನ್ನು ಕೊಂಡವಳು ನೀಲವ್ವ, ಪೈಲ್ವಾನ ಭರಮಣ್ಣನ ಹೆಂಡತಿ. ಬಟ್ಟಲು ಕೊಬ್ಬರಿ ಎಣ್ಣೆಗೆ ನನ್ನ ಎರಡೇ ಹನಿ ಬೆರೆಸಿ, ಗರಡಿಯಿಂದ ಬಂದ ಗಂಡನ ಮೀನಖಂಡಕ್ಕೆ ತಿಕ್ಕುತ್ತಿದ್ದಳು. ಅವನ ಕಿವಿಗಳು ಜಜ್ಜಿಹೋಗಿದ್ದವು, ಬೆರಳೊಂದು ಸೊಟ್ಟಗಾಗಿತ್ತು. ಹೋದ ವರ್ಷ ಯಮನೂರಿ ಎಂಬ ಹುಡುಗ ಅವನನ್ನು ಎತ್ತಿ ಬಡಿದಿದ್ದ. ಅಂದಿನಿಂದ ಭರಮಣ್ಣನಿಗೆ ಊಟ ರುಚಿಸುತ್ತಿರಲಿಲ್ಲ. ತನ್ನೂರಿನ ಕಣದಲ್ಲಿ ಅವನನ್ನೊಮ್ಮೆ ಚಿತ್ ಮಾಡದೆ ಲಂಗೋಟ ಬಿಚ್ಚಿಡುವುದಿಲ್ಲವೆಂದು ಆಣೆ ಇಟ್ಟಿದ್ದ.

ಯಮನೂರಿಯೊಂದಿಗೆ ಮತ್ತೆ ಕುಸ್ತಿ ಗೊತ್ತಾದ ದಿನ ಅವನು ಸೀಸೆಯ ಬಿರಡೆ ಕಿತ್ತು ನನ್ನನ್ನು ಅಂಗೈಗೆ ಸುರಿದುಕೊಂಡ.

"ಹಂಗ ಹಚ್ಚಬ್ಯಾಡ್ರಿ, ಸುಟ್ಟ ಬಿಡತೈತಿ!" ಎಂದಳು ನೀಲವ್ವ.

"ಸುಡ್ಲಿ. ಅವನ ಕಣ್ಣ ಸುಡ್ಲಿ," ಎಂದು ಭರಮಣ್ಣ ಕುತ್ತಿಗೆಗೂ ಹೆಗಲಿಗೂ ನನ್ನನ್ನು ಬಳಿದುಕೊಂಡ. ಪಟ್ಟು ಬಿಗಿಯುವಾಗ ಎದುರಾಳಿಯ ಮುಖ ತಾಗುವುದು ಅಲ್ಲಿಗೇ. ಆಮೇಲೆ ಕೈಗಳನ್ನು ಪಂಚೆಗೆ ಒರೆಸಿದ. ನಾನು ಅಷ್ಟಕ್ಕೆಲ್ಲ ಹೋಗುವ ಪೈಕಿಯಲ್ಲ.

ಹೀಗೆ ನನ್ನದೊಂದು ಪಾಲು ಅವನ ಮೈಮೇಲೆ ಕಣಕ್ಕಿಳಿಯಿತು. ಕಣದ ಕೆಮ್ಮಣ್ಣಿಗೆ ಕರ್ಪೂರ, ನಿಂಬೆರಸ ಕಲಸಿದ್ದರಿಂದ ನನ್ನ ವಾಸನೆ ಯಾರಿಗೂ ತಿಳಿಯಲಿಲ್ಲ. ಹಲಗೆಯ ಬಡಿತ ಜೋರಾಯಿತು. ಭರಮಣ್ಣ ಬಗ್ಗಿ ಮಣ್ಣು ಮುಟ್ಟಿದ. ಚಿಕ್ಕಂದಿನಿಂದ ಪ್ರತಿ ಕುಸ್ತಿಗೂ ಮೊದಲು ಮಾಡಿದಂತೆಯೇ ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

ನಾನೇನು ಮಾಡಲಿ? ಕಣ್ಣು ಯಾರದೆಂದು ನಾನು ಕೇಳುವುದಿಲ್ಲ.

ಅವನು ಕಿರುಚಲಿಲ್ಲ. ರೆಪ್ಪೆ ಬಿಗಿದು, ನೀರು ಸುರಿಸುತ್ತ, ಕುರುಡಾಗಿಯೇ ಯಮನೂರಿಯ ಮೇಲೆ ಬಿದ್ದ. ತಲೆಗೆ ತಲೆ ಬಡಿಯಿತು. ಯಮನೂರಿಯ ಹುಬ್ಬು ಒಡೆದು ರಕ್ತ ಹರಿಯಿತು. ಭರಮಣ್ಣ ಸಿಕ್ಕಿದ್ದನ್ನು ಹಿಡಿದು ತಿರುಚಿದ, ಮೊಣಕೈಯಿಂದ ಗುದ್ದಿದ. ಜನ "ಬಿಡಬ್ಯಾಡ ಭರಮಣ್ಣಾ!" ಎಂದು ಕೂಗಿದರು. ಯಮನೂರಿ ಅವನ ಬೆನ್ನ ಹಿಂದೆ ನುಸುಳಿ ಸೊಂಟಕ್ಕೆ ಪಟ್ಟು ಹಾಕಿದ. ಮೂಗು ಕುತ್ತಿಗೆಗೆ ತಾಗಿತು. ನನ್ನ ಘಾಟು ಹೊಡೆಯಿತು. ಅವನಿಗೆ ಎಲ್ಲ ತಿಳಿಯಿತು.

ಒಂದು ಮಾತು ಕೂಗಿದ್ದರೆ ಸಾಕಿತ್ತು, ಜನ ಭರಮಣ್ಣನನ್ನು ಅಲ್ಲೇ ಹೂಳುತ್ತಿದ್ದರು.

"ಅಣ್ಣಾ, ಇದನ್ನ ನಾ ಯಾರ ಮುಂದೂ ಹೇಳೂದಿಲ್ಲ," ಎಂದ ಅವನ ಕಿವಿಯಲ್ಲಿ. ಆಮೇಲೆ ಎತ್ತಿದ, ಬಡಿದ. ಹೆಗಲ ಎಲುಬು ಮುರಿದ ಸದ್ದು ಅಷ್ಟು ಹತ್ತಿರದಿಂದ ಕೇಳಿದ್ದು ನಾನೊಬ್ಬನೇ.

ಕಣ್ಣಿಗೆ ಮಣ್ಣು ಬಿದ್ದು ಸೋತ ಪಾಪ, ಎಂದಿತು ಊರು. ನೀರಿಗೂ ನನಗೂ ಸರಿಬರುವುದಿಲ್ಲ. ಕೊಡಗಟ್ಟಲೆ ಸುರಿದ ಮೇಲೆಯೇ ಅವನ ಕಣ್ಣು ತೆರೆದವು.

ಎಲುಬು ಕೂಡಿದ ಮೇಲೆ ನೀಲವ್ವ ಮತ್ತೆ ಬಟ್ಟಲಲ್ಲಿ ಎರಡು ಹನಿ ಬೆರೆಸಿ ತಂದಳು. ಅವನು ಮುಖ ತಿರುಗಿಸಿದ. "ಒಯ್ಯ ಅತ್ಲಾಗ. ಆ ವಾಸನಿ ಬ್ಯಾಡ ನನಗ."

"ವಾಸನಿ ಏನ ಮಾಡೇತ್ರಿ ನಿಮಗ?" ಎಂದಳು. ಅವನು ಗೋಡೆಯ ಕಡೆ ಹೊರಳಿದ. ನನಗೆ ಮೊದಲ ಸಲ ಸಿಟ್ಟು ಬರಲಿಲ್ಲ, ಅಳು ಬಂತು.

ಈಗ ನಾನು ಜೋಳದ ಚೀಲಗಳ ಮೂಲೆಯಲ್ಲಿದ್ದೇನೆ. ನನ್ನ ವಾಸನೆಗೆ ಇಲಿ ಬರುವುದಿಲ್ಲವೆಂದು ನೀಲವ್ವ ಹತ್ತಿಯನ್ನು ನನ್ನಲ್ಲಿ ಅದ್ದಿ ಅದ್ದಿ ಇಟ್ಟಳು. ಸೀಸೆ ಬರಿದಾಗಿದೆ, ವಾಸನೆ ಮಾತ್ರ ಹೋಗಿಲ್ಲ. ಇಲಿಗಳು ಈ ಕಡೆ ಸುಳಿಯುವುದಿಲ್ಲ. ಭರಮಣ್ಣನೂ ಸುಳಿಯುವುದಿಲ್ಲ.