ಬಟ್ಟಲು ತೊಳೆದು ಕುಡಿದವರು

ಚರ್ ಎಂದು ಒಂದು ಸಣ್ಣ ಸದ್ದು. ಒಣಹುಲ್ಲಿನ ಮೇಲೆ ಗುಬ್ಬಿ ಕಾಲಿಟ್ಟರೆ ಆಗುವಷ್ಟೇ. ಗಜೇಂದ್ರಗಡದ ಹತ್ತಿ ಪೇಟೆಯಲ್ಲಿ ಚಕ್ಕಡಿಗಳ ಗದ್ದಲ, ಎತ್ತಿನ ಕೊರಳಗಂಟೆ, ಹಮಾಲರ ಕೂಗು ಇಷ್ಟೆಲ್ಲದರ ನಡುವೆ ಆ ಸದ್ದನ್ನು ಕೇಳಬಲ್ಲವರು ಹತ್ತಿಯ ಗುಣ ನೋಡಿ ಹೇಳುವ ಮಲ್ಲೇಶಪ್ಪ ಒಬ್ಬರೇ. ಚಕ್ಕಡಿಯ ಮೇಲಿನ ಅಂಡಿಗೆಯೊಳಗಿಂದ, ಆ ದೊಡ್ಡ ಚೀಲದಿಂದ, ಒಂದು ಚಿಟಿಕೆ ಹತ್ತಿ ಕಿತ್ತು, ಎರಡೂ ಕೈಬೆರಳುಗಳ ನಡುವೆ ಹಿಡಿದು, ಬಲಗಿವಿಯ ಹತ್ತಿರ ತಂದು ಅವರು ಮೆಲ್ಲಗೆ ಜಗ್ಗುತ್ತಿದ್ದರು. ಎಳೆ ಹರಿಯುವ ದನಿಯಲ್ಲಿಯೇ ಅದರ ಕಸುವು, ತೇವ, ಅದು ಕಂಡ ಬಿಸಿಲು ಎಲ್ಲವೂ ಅವರಿಗೆ ತಿಳಿಯುತ್ತಿತ್ತು. ಹತ್ತಿಯಲ್ಲಿ ಕೊರತೆ ಇದ್ದರೆ ಒಡೆಯನ ಮುಂದೆ ನಿಂತು, ಇಬ್ಬನಿ ಆರುವ ಮೊದಲೇ ಬಿಡಿಸಿದ್ದನ್ನೂ ಎಲೆಯ ಚೂರು ಸೇರಿದ್ದನ್ನೂ ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳುವರು. ಹತ್ತಿ ಚಲೋ ಇದ್ದರೆ ಒಂದು ಮಾತೂ ಇಲ್ಲ. ಒಡೆಯನ ಬಾಯಿಯಲ್ಲಿ ಮಾತು ಅರ್ಧ ಇರುವಾಗಲೇ ಬೆನ್ನು ತಿರುಗಿಸಿ ಮುಂದಿನ ಚಕ್ಕಡಿಗೆ ನಡೆದುಬಿಡುವರು. ಹೊಸಬರಿಗೆ ಇದು ಸೊಕ್ಕು ಅನ್ನಿಸುತ್ತಿತ್ತು. ಮಲ್ಲೇಶಪ್ಪ ಬೆನ್ನು ತೋರಿಸಿದರೆ ಮಾಲು ಪಾಸಾದಂತೆ ಎಂಬುದು ಪೇಟೆಯವರಿಗೆ ಗೊತ್ತಿತ್ತು.

ಮೈಮೇಲೆ ಒಂದು ಕರಿಯ ಉಣ್ಣೆಯ ಕೋಟು. ಮಾರ್ಚ್ ತಿಂಗಳ ಉರಿಬಿಸಿಲಿನಲ್ಲೂ ಅದು ಕಳಚುತ್ತಿರಲಿಲ್ಲ. ಹತ್ತಿಯ ಎಳೆಗಳು ಅಂಟಿ ಅಂಟಿ ಕರಿಯದೋ ಬೂದಿಯದೋ ಹೇಳುವುದು ಕಷ್ಟವಾಗಿತ್ತು. ಅದರ ಒಳಜೇಬಿನಲ್ಲಿ ಒಂದು ಗೇಣುದ್ದದ ಎರಡು ನುಣುಪಾದ ಕಡ್ಡಿಗಳು. ಹತ್ತಿಯೊಳಗಿನ ಕಸವನ್ನು ಕಡ್ಡಿಗಳಿಂದ ಕೊಕ್ಕರೆ ಮೀನು ಹೆಕ್ಕಿದಂತೆ ಹೆಕ್ಕಿ ತೆಗೆಯುವುದನ್ನು ನೋಡಿ ಹಮಾಲರು ನಗುತ್ತಿದ್ದರು. ಆ ಕೋಟೂ, ಅಲ್ಲಿಯವರು ಊಟಕ್ಕೆ ಬಳಸುವ ಆ ಕಡ್ಡಿಗಳೂ ಅವರ ಜೊತೆ ಜಪಾನಿನಿಂದ ಬಂದವು. ಮೂರು ವರ್ಷದ ಹಿಂದೆ ಮುಂಬಯಿಯ ಒಬ್ಬ ಹತ್ತಿ ಸಾಹುಕಾರ ತನ್ನ ಮಾಲಿನ ಜೊತೆ ಮಲ್ಲೇಶಪ್ಪನವರನ್ನೂ ಹಡಗು ಹತ್ತಿಸಿ ಕೋಬೆ ಪಟ್ಟಣಕ್ಕೆ ಒಯ್ದಿದ್ದ.

ಈಗ ಅದೇ ಸಾಹುಕಾರನ ಪೇಢಿಯಿಂದ ಜಕ್ಕಲಿಯ ಅರ್ಜುನಪ್ಪನಿಗೆ ಕಾಗದ ಬಂದಿತ್ತು. ಅರ್ಜುನಪ್ಪ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕಾರಕೂನ, ಮ್ಯಾಟ್ರಿಕ್ ಪಾಸಾದವನು. ನಮೂನೆ ಹತ್ತಿ ತೆಗೆದುಕೊಂಡು ಜಪಾನಿಗೆ ಬಾ, ಶನಿವಾರದೊಳಗೆ ಉತ್ತರ ಬರೆ ಎಂದಿತ್ತು. ಹೋಗಬೇಕೆಂದು ಅವನ ಜೀವ ಹಾರುತ್ತಿತ್ತು. ಆದರೆ ಕಾಗದದ ಕೊನೆಗೆ ಒಂದು ಸಾಲು: ಅಲ್ಲಿಯ ಹೆಸರಾಂತ ಹಳೆಯ ಊಟದ ಮನೆಯೊಂದರಲ್ಲಿ ಗಿರಾಕಿಗಳು ಔತಣ ಕೊಡುತ್ತಾರೆ, ವ್ಯಾಪಾರ ಕೂಡುವುದೂ ಮುರಿಯುವುದೂ ಅಲ್ಲಿಯೇ. ಮಡ್ಡಿ ಹೊಲದವನು ತಾನು, ಅಂಥ ಜಾಗದಲ್ಲಿ ಒಂದು ತುತ್ತು ತಪ್ಪಾಗಿ ಎತ್ತಿದರೆ ನಗೆಗೀಡಾಗುವುದು ತಾನೊಬ್ಬನೇ ಅಲ್ಲ, ತನ್ನ ಊರೂ ಎಂದು ಅವನಿಗೆ ಅನ್ನಿಸಿತ್ತು. ಮೀನು ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತು ಬೇರೆ. ‘ಬರಲಾಗುವುದಿಲ್ಲ’ ಎಂದು ಬರೆದ ಉತ್ತರವನ್ನು ಅಂಗಿಯ ಕಿಸೆಯಲ್ಲಿ ಮಡಿಸಿಟ್ಟುಕೊಂಡೇ ಅವನು ಮಲ್ಲೇಶಪ್ಪನವರ ಬೆನ್ನು ಹತ್ತಿದ್ದ.

“ಕಾಕಾ, ಅಲ್ಲಿ ಏನೇನ ಮಾಡಬಾರದು ಅಷ್ಟ ಹೇಳ್ರಿ. ಬರಕೋತೀನಿ.”

ಮಲ್ಲೇಶಪ್ಪ ಅವನನ್ನು ಮಧ್ಯಾಹ್ನದ ಊಟಕ್ಕೆ ಮನೆಗೆ ಕರೆದೊಯ್ದರು. ಹೆಂಡತಿ ಶಂಕ್ರವ್ವ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಊಟಕ್ಕೆ ಕುಳಿತವರೇ ಮಲ್ಲೇಶಪ್ಪ ಹೇಳತೊಡಗಿದರು.

“ಬಾಗಲದಾಗ ಕಾಲಾಗಿನ ಕಾಲ್ಮರಿ ಬಿಡ್ತಿ. ಯಾರೋ ಬಂದು ಅವನ್ನ ಹೊರಗ ಮಾರಿ ಮಾಡಿ ಇಡ್ತಾರ, ಹೊಳ್ಳಿ ಹೋಗುಮುಂದ ನಿನಗ ತ್ರಾಸ ಆಗಬಾರದು ಅಂತ. ಚಾಪಿ ಮ್ಯಾಲೆ ಕುಂಡ್ರೂದು. ನಮಗೇನ ಹೊಸಾದಲ್ಲ, ಸಾಹುಕಾರನ ಕಾಲು ಜೋಮು ಹಿಡಿದು ಎಬ್ಬಿಸಾಕ ಇಬ್ಬರು ಬೇಕಾದ್ರು. ಬಿಸಿನೀರಾಗ ಹಿಂಡಿದ ಅರಿವಿ ಕೊಡ್ತಾರ, ಕೈ ಒರಸಾಕ. ಸಾಹುಕಾರ ಕುತ್ತಿಗೀನೂ ಒರಸಿಕೊಂಡ.”

“ನೀವೇನ ಮಾಡಿದ್ರಿ?” ಎಂದರು ಶಂಕ್ರವ್ವ.

“ನಾ ಜಗ್ಗಿ ನೋಡಿದೆ. ಚಲೋ ಹತ್ತಿ.”

“ಕೇಳಪಾ ತಮ್ಮಾ. ಹೋಗಿ ಬಂದಾಗಿಂದ ಇವರು ಪಲ್ಯಾ ಬಡಿಸಿದ್ರ ಮೊದಲ ನೋಡ್ತಾರ, ಆಮ್ಯಾಲೆ ಉಣ್ತಾರ. ನಾ ಏನ ಇಷಾ ಹಾಕೀನೇನು?”

ಮಲ್ಲೇಶಪ್ಪ ನಗಲಿಲ್ಲ. “ಅಲ್ಲಿ ನೋಡೂದೂ ಊಟಾನ. ಒಂದ ತುತ್ತಿಗೆ ಒಂದ ಬಟ್ಟಲ, ಒಂದರಂಗ ಇನ್ನೊಂದಿಲ್ಲ. ಹನ್ನೊಂದ ಸರ್ತಿ ತಂದ್ರು. ಎಲ್ಲಾ ಕೂಡಿಸಿದ್ರ ಈಕಿ ಒಂದ ರೊಟ್ಟಿ ಆಗಲಿಲ್ಲ.”

“ಮೀನಾ ಕೊಟ್ರ, ಕಾಕಾ?”

“ಹಸೇದ ತರ್ತಾರ. ಮೊದಲ ಹೇಳಿ ಕಳಸಿದ್ರ ತರೂದಿಲ್ಲ. ಸಾರಿನಾಗೂ ಮೀನಾ ಕುದಿಸಿರ್ತಾರ, ಕಣ್ಣಿಗೆ ಕಾಣೂದಿಲ್ಲ; ಕೇಳಾಕ ನಾಚಬ್ಯಾಡ. ನನಗ ಅವರ ಮಠದವ್ರು ಉಣ್ಣೂ ಅಡಗಿ ಮಾಡಿಸಿದ್ರು. ಗಿಣ್ಣದಂಥಾದ್ದೊಂದು, ಹಾಲಿಂದಲ್ಲ, ಕಾಳಿಂದು. ಕಡ್ಡೀನ ಅನ್ನದಾಗ ನೆಟ್ಟಗ ಚುಚ್ಚಬ್ಯಾಡ, ಸತ್ತವರಿಗೆ ಇಡೂದು ಹಂಗ. ನಿನ್ನ ಕುಡಿಯೂ ಬಟ್ಟಲಾ ನೀ ತುಂಬಿಕೋಬ್ಯಾಡ, ಬಾಜೂದವನದು ನೀ ತುಂಬು. ಸಾಕಾದ್ರ ತುಂಬಿದ್ದನ್ನ ಹಂಗ ಬಿಡು.”

ಅರ್ಜುನಪ್ಪನ ಪೆನ್ಸಿಲು ಓಡುತ್ತಿತ್ತು. ಬೇಡ, ಬೇಡ, ಬೇಡ ಎಂದು ಪುಟ ತುಂಬಿತು. ಅದಕ್ಕಿಂತ ಅವನನ್ನು ಕುಗ್ಗಿಸಿದ್ದು ಬೇರೊಂದು: ಈ ಮನುಷ್ಯ ತನ್ನೆದುರು ಕುಳಿತು ಇಷ್ಟು ಬಿಡಿಸಿ ಬಿಡಿಸಿ ಹೇಳುತ್ತಿದ್ದಾರೆಂದರೆ, ತನ್ನ ಎಳೆಯ ಕೊರತೆ ಅವರಿಗೆ ಕೇಳಿಸಿಯಾಗಿದೆ.

“ದೊಡ್ಡವರನ್ನ ಹೂವಿನ ಗೂಡಿಗೆ ಬೆನ್ನು ಮಾಡಿ ಕುಂಡ್ರಸ್ತಾರ,” ಮಲ್ಲೇಶಪ್ಪನವರ ದನಿ ಮೆತ್ತಗಾಗಿತ್ತು. “ಗೂಡಿನಾಗ ಒಂದ ಹೂವು, ಒಂದ. ಸಾಹುಕಾರಗ ಅದು ಕಾಣಲಿಲ್ಲ. ನನ್ನ ಬಾಗಲ ಬಾಜೂ ಕುಂಡ್ರಿಸಿದ್ರು; ಊಟ ಮುಗಿಯೂತನಾ ನಾ ಅದನ್ನ ನೋಡಿದೆ.”

“ಬಟ್ಟಲಾ ತೊಳದ ಕುಡಿದದ್ದು ಹೇಳ್ರಿ,” ಎಂದರು ಶಂಕ್ರವ್ವ.

ಮಲ್ಲೇಶಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಕೆಳಗಿಟ್ಟರು. ಮೂರು ವರ್ಷದಲ್ಲಿ ಅವರು ಇದನ್ನು ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ. ಅಲ್ಲಿಯ ಆ ಔತಣದ ಕೊನೆಗೆ ಅನ್ನ ಬಂದಿತ್ತು, ಜೊತೆಗೆ ಮೂಲಂಗಿಯ ಉಪ್ಪಿನಕಾಯಿ, ಬಿಸಿ ಚಹಾ. ಉಂಡಾದ ಮೇಲೆ, ಬುದ್ಧಿ ಬಂದಾಗಿನಿಂದ ಮನೆಯಲ್ಲಿ ಉಂಡ ಗಂಗಾಳಕ್ಕೆ ನೀರು ಹಾಕಿ ತೊಳೆದು ಕುಡಿದ ಕೈ, ತನಗರಿವಿಲ್ಲದೆ ಆ ಚಹಾವನ್ನು ಬಟ್ಟಲಿಗೆ ಸುರಿದು, ಬೆರಳಾಡಿಸಿ, ಕೊನೆಯ ಅಗುಳಿನ ಸಮೇತ ಎತ್ತಿ ಕುಡಿದುಬಿಟ್ಟಿತು. ಕುಡಿದು ಕೆಳಗಿಟ್ಟಾಗ ಎಲ್ಲರೂ ಅವರತ್ತಲೇ ನೋಡುತ್ತಿದ್ದರು. ಸಾಹುಕಾರನ ಮುಖ ಕೆಂಪಗಾಗಿತ್ತು. ಆಗ ಬಾಗಿಲ ಬಳಿ ಮಂಡಿಯೂರಿದ್ದ ಆ ಮನೆಯ ಮುದುಕಿ ಯಜಮಾನಿ, ಮಂಡಿಯ ಮೇಲೆಯೇ ಸರಿದು ಬಂದು, ದೊಡ್ಡವರನ್ನೆಲ್ಲ ಬಿಟ್ಟು ಇವರ ಮುಂದೆ ಚಾಪೆಗೆ ಹಣೆ ಹಚ್ಚಿದಳು.

“‘ಮಾನಾ ಕಳದಿ’ ಅಂದ ಸಾಹುಕಾರ, ಬಾಗಲದ ಪಾವಟಣಗಿ ಇಳಿಯುಮುಂದ. ನಾಕ ದಿನಾ ನನಗ ಊಟ ಸೇರಲಿಲ್ಲ. ಅವರ ಮಠದಾಗೂ ಬಟ್ಟಲಾ ಹಂಗ ತೊಳದ ಕುಡೀತಾರ, ಅದಕ್ಕ ಬಗ್ಗಿದಳು ಅಂದ ದುಭಾಷಿ. ಖರೇ ಇದ್ದೀತು. ಆದ್ರ ತಮ್ಮಾ, ಮಾರಿ ಎತ್ತಿದಾಗ ಆಕಿ ಕಣ್ಣು ನನ್ನ ಮ್ಯಾಲಿರಲಿಲ್ಲ, ಬಟ್ಟಲದ ಮ್ಯಾಲಿತ್ತು. ಯಾಕೋ ಏನೋ, ಇವತ್ತಿಗೂ ತಿಳಿದಿಲ್ಲ.”

ಗಂಗಾಳಕ್ಕೆ ನೀರು ಹಾಕಿ, ತೊಳೆದು, ಕುಡಿದು ಎದ್ದರು. ಅರ್ಜುನಪ್ಪನೂ ಹಾಗೆಯೇ ಮಾಡಿದ. ಇಷ್ಟು ವರ್ಷ ಮಾಡಿದ್ದನ್ನು ಅಂದು ಮೊದಲ ಸಲ ನೋಡುತ್ತ ಮಾಡಿದ. ಇಬ್ಬರೂ ಪೇಟೆಗೆ ತಿರುಗಿದರು. ಬಿಸಿಲು ಗುಡ್ಡದ ಕಲ್ಲಿಗೆ ಬಡಿದು ತಿರುಗಿ ಮುಖಕ್ಕೆ ಬರುತ್ತಿತ್ತು. ಚಕ್ಕಡಿಗಳ ಸಾಲಿನ ಹತ್ತಿರ ಬರುವವರೆಗೂ ಅರ್ಜುನಪ್ಪ ತಾನು ಬರೆದುಕೊಂಡ ಚೀಟಿಯನ್ನು ತೆರೆಯಲಿಲ್ಲ.

“ಕಾಕಾ, ಆ ಬಟ್ಟಲಾ ಎಂಥಾದಿತ್ತರಿ?” ಎಂದ ಒಮ್ಮೆಲೇ. “ಹಳೇದೊ, ಹೊಸಾದೊ? ಆಕೀನ ತಂದದ್ದೊ, ಆಕೀ ಹಿರೇರ ಕಾಲದ್ದೊ? ಅದರ ತಳದಾಗೇನರೆ ಬರದಿತ್ತೇನ್ರಿ, ಖಾಲಿ ಆದ್ರ ಮಾತ್ರ ಕಾಣೂವಂಗ? ಅಲ್ರಿ, ನಾ ಹೋದ್ರ, ಆಕಿ ಇನ್ನೂ ಇದ್ರ, ನಾ ಆಕೀನ್ನ...”

ಸಮುದ್ರ ದಾಟಿ ಬಂದವರು ಬಹಳ ಮಂದಿ ತಿಳಿದು ಬಂದದ್ದನ್ನು ಊರ ಮುಂದೆ ಹರವುತ್ತಾರೆ. ಮಲ್ಲೇಶಪ್ಪನಂಥವರು ತಿಳಿಯದೆ ಉಳಿದ ಒಂದನ್ನು ಮಾತ್ರ ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಬಂದು, ಅದನ್ನು ಹಿಡಿಯಬಲ್ಲ ಕೈಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಸಿಕ್ಕಾಗಲೂ ಸಿಕ್ಕಿತೆಂದು ಹೇಳುವುದಿಲ್ಲ.

ಅರ್ಜುನಪ್ಪನ ಮಾತು ಇನ್ನೂ ಮುಗಿದಿರಲಿಲ್ಲ. ಬಲಭುಜ ಒಂದಿಷ್ಟು ಬಾಗಿಸಿ, ಬಿತ್ತಿದ ಸಾಲು ತುಳಿಯಬಾರದೆಂಬಂತೆ ಒಂದರ ಮುಂದೊಂದು ಹೆಜ್ಜೆಯಿಡುತ್ತ, ಮಲ್ಲೇಶಪ್ಪ ಆಗಲೇ ಮುಂದಿನ ಚಕ್ಕಡಿಯತ್ತ ನಡೆದುಬಿಟ್ಟಿದ್ದರು.