ಹದಿನೇಳನೆಯ ಕೊಕ್ಕೆ

ಗಣಿಗೆ ಇಳಿಯುವವರಿಗೆ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ ಕೊಡುವುದು ನನ್ನ ಕೆಲಸ. ಮೇಲೆ ಬಂದವರು ಅದನ್ನು ಹಲಗೆಯ ಮೇಲೆ ಅದೇ ನಂಬರಿನ ಕೊಕ್ಕೆಗೆ ಹಾಕಬೇಕು. ಕೊಕ್ಕೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ.

ಈ ಗಂಡಸರ ನಂಬರಿನ ಹುಚ್ಚಿಗೆ ನನ್ನ ತಲೆ ಕೆಟ್ಟುಹೋಗಿತ್ತು. ಒಬ್ಬನಿಗೆ ಒಂಬತ್ತೇ ಬೇಕು. ಒಂಬತ್ತನೇ ಕ್ಲಾಸೊಂದನ್ನೇ ಒಂದೇ ಸಲಕ್ಕೆ ಪಾಸು ಮಾಡಿದ್ದನಂತೆ. ಇನ್ನೊಬ್ಬನಿಗೆ ನಲವತ್ತು ಸುತರಾಂ ಬೇಡ, ಅದು ಅತ್ತೆ ಮನೆಯ ನಂಬರು. ಮೂರು ತಿಂಗಳ ಹಿಂದೆ ಏಣಿ ಬಂದ. ಪಂಪ್ ನೋಡಿಕೊಳ್ಳುವವನು, ಎತ್ತರದ ಆಳು, ಅದಕ್ಕೇ ಆ ಹೆಸರು. ಇನ್ನೊಂದು ಪಂಪ್ ನೋಡಿಕೊಳ್ಳುವ, ನಾವೆಲ್ಲ ಮೀಸೆ ಎಂದೇ ಕರೆಯುವವನನ್ನೂ ಎಳೆದುಕೊಂಡು ಬಂದಿದ್ದ.

“ಅಕ್ಕಾ, ಮಗಳು ಹುಟ್ಟಿದ್ದು ಹದಿನೇಳನೇ ತಾರೀಖು. ಇವರ ಹದಿನೇಳು ನನಗಿರಲಿ, ನನ್ನ ಮೂವತ್ತೆರಡು ಇವರಿಗೆ ಕೊಡಿ.”

“ಹಲ್ಲಂತೂ ಮೂವತ್ತೆರಡು ಉಳಿದಿಲ್ಲ, ನಂಬರಾದ್ರೂ ಇರ್ಲಿ ಬಿಡಮ್ಮ,” ಎಂದ ಮೀಸೆ.

ನಗುತ್ತಾ ಬದಲಿಸಿ ಕೊಟ್ಟೆ. ಯಾವ ನಂಬರು ಯಾರದೆಂದು ಬರೆದಿಡುವ ಪುಸ್ತಕದಲ್ಲಿ ನಾಳೆ ತಿದ್ದಿದರಾಯಿತು ಎಂದುಕೊಂಡು ಮರೆತೇಬಿಟ್ಟೆ.

ಇವತ್ತು ಹನ್ನೊಂದು ಗಂಟೆಗೆ ಕೆಳಗೆ ಚಾವಣಿ ಕುಸಿಯಿತು. ಎಲ್ಲರೂ ಎದ್ದೆನೋ ಬಿದ್ದೆನೋ ಎಂದು ಮೇಲೆ ಬಂದರು. ಹದಿನೇಳನೆಯ ಕೊಕ್ಕೆ ಮಾತ್ರ ಖಾಲಿ. ಆಸೆ ಇಟ್ಟುಕೊಳ್ಳಬೇಡಿ ಎಂದರು ಇಂಜಿನಿಯರ್. ಪುಸ್ತಕ ತೆಗೆದು, ಅದರಲ್ಲಿದ್ದ ಹೆಸರು ಓದಿದೆ. ಮೀಸೆಯ ಮನೆಗೆ ಸುದ್ದಿ ಹೋಯಿತು. ಏಣಿಯ ಹೆಂಡತಿ ಫೋನ್ ಮಾಡಿದಾಗ, “ನಿನ್ನ ಗಂಡ ಮೇಲೆ ಬಂದಿದ್ದಾನಮ್ಮ, ಮಣ್ಣು ತೆಗೆಯೋರ ಜೊತೆ ಇರಬೇಕು,” ಎಂದವಳೂ ನಾನೇ.

ಮೂರು ಗಂಟೆಗೆ ಮೀಸೆ ಕೆನ್ನೆ ಊದಿಸಿಕೊಂಡು ನನ್ನ ಕಿಟಕಿಯ ಮುಂದೆ ನಿಂತಿದ್ದ. ಹತ್ತಕ್ಕೇ ಮೇಲೆ ಬಂದು, ಬಿಲ್ಲೆ ಹಾಕಿ, ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದನಂತೆ.

“ಏನಮ್ಮ ಇಷ್ಟೊಂದು ಜನ?”

ಹಲಗೆಯತ್ತ ತಿರುಗಿದೆ: ಮೂವತ್ತೆರಡು ಕೊಕ್ಕೆಯಲ್ಲಿತ್ತು, ಖಾಲಿಯಿದ್ದ ಹದಿನೇಳು ಏಣಿಯದು. ಕಣ್ಣೆದುರಿಗೆ ಒಬ್ಬ ಬದುಕಿ ನಿಂತಿದ್ದರೂ ಸಂತೋಷಪಡುವ ಯೋಗ್ಯತೆ ನನಗಿರಲಿಲ್ಲ. ಇಂಜಿನಿಯರಿಗೆ ತಿಳಿಸಿ, ಮೀಸೆಯನ್ನು ಕರೆದುಕೊಂಡು ಅವನ ಮನೆಗೆ ಓಡಿದೆ. ದಾರಿಯಲ್ಲಿ ಅವನಿಗೆ ಎಲ್ಲ ಹೇಳಿದೆ.

ಅವನ ಹೆಂಡತಿ ನೆಲದ ಮೇಲೆ ಬಿದ್ದಿದ್ದಳು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಪಕ್ಕದ ಮನೆಯ ಏಣಿಯ ಹೆಂಡತಿ, ಮಗು ಕಂಕುಳಲ್ಲಿ. ಮೀಸೆಯನ್ನು ಕಂಡು ಮೊದಲು ಕೂಗಿದ್ದು ಅವಳೇ.

“ಅತ್ತಿಗೆ, ಕಣ್ಣು ಬಿಡಿ! ಬಂದ್ರು ನೋಡಿ!”

ಅಳುತ್ತಾ ನಗುತ್ತಾ ಅವಳನ್ನು ಎಬ್ಬಿಸಿ ಕೂರಿಸಿದಳು. ಮೀಸೆ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತ. ನಾನು ಏದುಸಿರು ಬಿಡುವುದನ್ನು ಕಂಡು ಏಣಿಯ ಹೆಂಡತಿಯೇ ಒಳಗೆ ಹೋಗಿ ಲೋಟದಲ್ಲಿ ನೀರು ತಂದಳು.

“ಕೂತ್ಕೊಳ್ಳಿ ಅಕ್ಕಾ. ಗಾಬರೀಲಿ ಹೆಚ್ಚುಕಮ್ಮಿ ಆಗುತ್ತೆ, ನಿಮ್ಮನ್ನ ಯಾರೂ ಬೈಯಲ್ಲ. ಹೋದ ಜೀವ ಬಂತಲ್ಲ, ಅಷ್ಟು ಸಾಕು.”

ನೀರು ಕುಡಿಯದೆ ಲೋಟ ಕೆಳಗಿಟ್ಟೆ.

“ಮಗೂನ ಅತ್ತಿಗೆ ಕೈಗೆ ಕೊಡಮ್ಮ,” ಎಂದೆ.